ಬಡವ ಬಲ್ಲಿದ ಅನ್ನೋ ಅಂತರ, ಗಟ್ಟಿ ಮನಸ್ಸಿನ ಹೆಣ್ಣು ಎರಡೂ ಇರೋ ಹಳೇ ಕಾಲದ ಲವ್ ಸ್ಟೋರಿ ಯಾವುದಿದೆ?
ಬಂಗಲೆ, ಡ್ಯಾನ್ಸು, ಕುದುರೆ ಗಾಡಿ ಇರೋ ಬ್ರಿಟಿಷ್ ಪೀರಿಯಡ್ ಡ್ರಾಮಾ ಎಲ್ಲ ನೋಡಾಯ್ತು, ಅದ್ರಲ್ಲಿ ದುಡಿಯೋರು ಬರೀ ಟೀ ತಟ್ಟೆ ಹಿಡ್ಕೊಂಡು ನಿಂತಿರ್ತಾರೆ, ಬೇರೆ ಏನಾದ್ರೂ ಇದ್ರೆ ಹೇಳಿ ಅಂತ ಕೇಳಿದೀರಿ. ಕಣ್ಣು ಮುಚ್ಕೊಂಡು ಹೇಳ್ತೀನಿ, ಬಿಬಿಸಿಯವ್ರು 2004ರಲ್ಲಿ ಮಾಡಿದ 'ನಾರ್ತ್ ಆಂಡ್ ಸೌತ್' ನೋಡಿ. ನಾಲ್ಕೇ ಎಪಿಸೋಡು. ಇದೇ ಹೆಸರಲ್ಲಿ ಅಮೆರಿಕದ ಸಿವಿಲ್ ವಾರ್ ಮೇಲೆ ಇನ್ನೊಂದು ಸೀರೀಸ್ ಇದೆ, ಅದಲ್ಲ. ಇದು ಎಲಿಜಬೆತ್ ಗ್ಯಾಸ್ಕೆಲ್ ಬರೆದ ಕಾದಂಬರಿ, 1854-55ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನಡೆಸ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿದ್ದು. ಆಯಮ್ಮ ಮ್ಯಾಂಚೆಸ್ಟರಲ್ಲೇ ಸಂಸಾರ ಮಾಡ್ಕೊಂಡಿದ್ದವಳು, ಮಿಲ್ಲಿನವರ ಬದುಕು ದಿನಾ ಕಣ್ಣೆದುರಿಗೇ ಇತ್ತು.

ಮಾರ್ಗರೆಟ್ ದಕ್ಷಿಣದ ಹಳ್ಳಿ ಪಾದ್ರಿ ಮಗಳು. ಅಪ್ಪ ಮನಸ್ಸಾಕ್ಷಿ ಒಪ್ಪಲ್ಲ ಅಂತ ಚರ್ಚಿನ ಕೆಲಸ ಬಿಟ್ಟು ಮಿಲ್ಟನ್ ಅನ್ನೋ ಊರಿಗೆ ಪಾಠ ಹೇಳಕ್ಕೆ ಬರ್ತಾನೆ, ಹೆಸರು ಬೇರೆ ಅಷ್ಟೇ, ಊರು ಮ್ಯಾಂಚೆಸ್ಟರೇ. ಪಾಠಕ್ಕೆ ಬರೋನು ಮಿಲ್ ಮಾಲೀಕ ಥಾರ್ನ್‌ಟನ್. ಅವನು ತನ್ನ ಅಪ್ಪ ಸತ್ತ ಮೇಲೆ ಅಂಗಡಿಯಲ್ಲಿ ದುಡಿದು ವಾರಕ್ಕೆ ಹದಿನೈದು ಶಿಲ್ಲಿಂಗ್ ತರ್ತಿದ್ದ, ಅದ್ರಲ್ಲೇ ತಾಯಿ ಮೂರು ಎತ್ತಿಡ್ತಿದ್ಲು, ಹಂಗೆ ಮೇಲೆ ಬಂದವನು. ಈಗ ನೋಡಿ, ದುಡ್ಡಲ್ಲಿ ಅವನು ಮೇಲು, ಮನೆತನ ಓದು ಅಂತ ಬಂದ್ರೆ ಇವಳು ಮೇಲು ಅಂತ ಇವಳಿಗೆ. ಒಂದಿನ ಮನೆಯಿಂದ ಹೊರಡುವಾಗ ಅವನು ಕೈ ಚಾಚ್ತಾನೆ, ಅವಳು ಕೈ ಕೊಡದೆ ಬರೀ ತಲೆ ಬಾಗಿಸಿ ಸುಮ್ಮನಾಗ್ತಾಳೆ. ಅವಳಿಗೆ ಆ ರೂಢಿ ಇಲ್ಲ ಅಷ್ಟೇ, ಅವನಿಗೆ ಅದು ಕೊಬ್ಬು. ಮುಂದೆ ಒಂದು ಊಟದ ದಿನ ಅವಳು ಕೈ ಕೊಟ್ಟಾಗ, ಇದೇ ಮೊದಲ ಸಲ ಅಂತ ಅವನಿಗೆ ಗೊತ್ತಿರುತ್ತೆ, ಅವಳಿಗೆ ಆ ನೆನಪೇ ಇರಲ್ಲ.

ಆದ್ರೆ ನನಗೆ ಇದು ಹತ್ತಿರ ಆಗಿದ್ದು ಇವರಿಬ್ಬರಿಂದಲ್ಲ, ಹಿಗ್ಗಿನ್ಸ್ ಅನ್ನೋ ಕಾರ್ಮಿಕ, ಅವನ ಮಗಳು ಬೆಸ್ಸಿ ಇವರಿಂದ. ಮಾರ್ಗರೆಟ್ ಬೀದಿಯಲ್ಲಿ ಸಿಕ್ಕ ಇವರನ್ನ ನಿಮ್ಮ ಹೆಸರೇನು ಮನೆ ಎಲ್ಲಿ ಅಂತ ಕೇಳ್ತಾಳೆ, ಊರಲ್ಲಿದ್ದಾಗ ಬಡವರ ಮನೆಗೆ ಏನಾದ್ರೂ ತಗೊಂಡು ಹೋಗೋದು ಅವಳಿಗೆ ಅಭ್ಯಾಸ. ಅವನು, ಯಾಕೆ ಕೇಳ್ತಿದೀರಿ ಅಂತಾನೆ. ಅಷ್ಟೇ ಮಾತು, ಅವಳ ಮುಖ ಕೆಂಪಾಗುತ್ತೆ, ಕರೀದೇ ಇರೋ ಮನೆಗೆ ಹೋಗಕ್ಕೆ ತಾನ್ಯಾರು ಅಂತ ಅವಳಿಗೆ ಹೊಳೆಯೋದು ಆಗಲೇ. ಗಟ್ಟಿ ಹೆಣ್ಣು ಅಂದ್ರೆ ಬರೀ ಎದುರುತ್ತರ ಕೊಡೋಳು ಅಂತ ತೋರಿಸೋ ಡ್ರಾಮಾ ಬೇಕಾದಷ್ಟಿವೆ, ಇವಳು ತಪ್ಪು ಗೊತ್ತಾದ್ಮೇಲೆ ತಿದ್ಕೊಂಡು ಮತ್ತೆ ಅದೇ ಬಾಗಿಲಿಗೆ ಹೋಗ್ತಾಳೆ.

ಬೆಸ್ಸಿಗೆ ಅರಳೆ ಧೂಳು ಶ್ವಾಸಕೋಶಕ್ಕೆ ಇಳಿದಿರುತ್ತೆ, ಹತ್ತೊಂಬತ್ತು ವರ್ಷದ ಹುಡುಗಿ. ಧೂಳು ಎಳೆಯೋ ದೊಡ್ಡ ಚಕ್ರ ಹಾಕಿಸಬಹುದು, ಆದ್ರೆ ಐನೂರು ಆರುನೂರು ಪೌಂಡ್ ಖರ್ಚು, ಲಾಭ ಏನೂ ಬರಲ್ಲ, ಅದಕ್ಕೇ ಎಷ್ಟೋ ಮಾಲೀಕರು ಹಾಕ್ಸಲ್ಲ ಅಂತ ಕಾದಂಬರಿಯಲ್ಲಿ ಅವಳೇ ಹೇಳ್ತಾಳೆ. ಇನ್ನೂ ಒಂದು ಮಾತು ಹೇಳ್ತಾಳೆ, ಚಕ್ರ ಬಂದ ಕಡೆ ಕೆಲವು ಕೂಲಿಯವರಿಗೇ ಅದು ಬೇಡವಂತೆ, ಇಷ್ಟು ದಿನ ಹತ್ತಿ ನುಂಗಿ ನುಂಗಿ ಅಭ್ಯಾಸ, ಈಗ ಹಸಿವು ಜಾಸ್ತಿ, ಕೂಲಿ ಜಾಸ್ತಿ ಕೊಡಿ ಅಂತ. ಇದನ್ನ ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮಜ್ಜ ದಾವಣಗೆರೆಯಲ್ಲಿ ಮಿಲ್ ಕಾರ್ಮಿಕರಾಗಿದ್ರು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ. ಶಿಫ್ಟ್ ಮುಗಿಸಿ ಬಂದ್ರೆ ಹುಬ್ಬು, ಕಿವಿ ಕೂದಲು ಎಲ್ಲಾ ಬೆಳ್ಳಗೆ, ಅಜ್ಜಿ ಹಿತ್ತಲಲ್ಲೇ ನಿಲ್ಲಿಸಿ ಟವೆಲಿಂದ ಹೊಡೆದು ಹೊಡೆದು ಅರಳೆ ಉದುರಿಸಿ ಆಮೇಲೆ ಒಳಗೆ ಬಿಡೋರು. ಸೀರೀಸಲ್ಲಿ ಮಾರ್ಗರೆಟ್ ಮಿಲ್ಲಿನ ಬಾಗಿಲು ತೆಗೆದಾಗ ಗಾಳಿಯಲ್ಲೆಲ್ಲಾ ಹಿಮ ಬಿದ್ದಂಗೆ ಹತ್ತಿ ಹಾರ್ತಿರುತ್ತೆ, ನೋಡಕ್ಕೆ ಬಹಳ ಚೆಂದ, ಆ ಚೆಂದಾನೇ ಬೆಸ್ಸಿನ ಕೊಲ್ತಿರೋದು.

ಮುಂದೆ ಸ್ಟ್ರೈಕ್ ಆಗುತ್ತೆ (ಪ್ರೆಸ್ಟನ್ ಅನ್ನೋ ಊರಲ್ಲಿ 1853-54ರಲ್ಲಿ ನಡೆದ ಹತ್ತಿ ಮಿಲ್ ಮುಷ್ಕರ ಗ್ಯಾಸ್ಕೆಲ್ ಮನಸ್ಸಲ್ಲಿತ್ತು), ಥಾರ್ನ್‌ಟನ್ ಐರ್ಲೆಂಡಿಂದ ಆಳು ತರಿಸ್ತಾನೆ, ಜನ ನುಗ್ತಾರೆ, ನೀವೇ ಕೆಳಗೆ ಹೋಗಿ ಮಾತಾಡಿ ಅಂತ ಅವನನ್ನ ಕಳಿಸಿದ ಮಾರ್ಗರೆಟ್ಟೇ ಅಡ್ಡ ನಿಂತು ಕಲ್ಲೇಟು ತಿಂತಾಳೆ. ಅದನ್ನ ಪ್ರೀತಿ ಅಂದ್ಕೊಂಡು ಅವನು ಮದುವೆ ಕೇಳಿದ್ರೆ ಖಡಾಖಂಡಿತ ಇಲ್ಲ ಅಂತಾಳೆ. ಅವನ ತಾಯಿ ಪಾತ್ರದ ಸಿನೆಡ್ ಕ್ಯುಸಾಕ್ ಅವರನ್ನ ಇಲ್ಲಿ ನೋಡ್ಬೇಕು, ಈ ಹುಡುಗಿ ಮಗನನ್ನ ಕಸ್ಕೊಳ್ತಾಳೆ ಅಂತ ಒಂದು ಸಂಕಟ, ನನ್ನ ಮಗನನ್ನೇ ಒಲ್ಲೆ ಅಂದ್ಲಾ ಅಂತ ಇನ್ನೊಂದು.

ಕೊನೇ ರೈಲ್ವೆ ಸ್ಟೇಷನ್ ಸೀನು ಎಲ್ರಿಗೂ ಇಷ್ಟ, ನನಗೂ ಇಷ್ಟ, ಆದ್ರೆ ಕಾದಂಬರಿಯಲ್ಲಿ ಅದು ಲಂಡನ್ನಿನ ಒಂದು ರೂಮಲ್ಲಿ ನಡೆಯೋದು, ನನಗೆ ಅದೇ ಹೆಚ್ಚು. ಅವನು ದಿವಾಳಿ, ಅವಳಿಗೆ ಆಸ್ತಿ ಬಂದಿರುತ್ತೆ. 18,057 ಪೌಂಡ್ ಬ್ಯಾಂಕಲ್ಲಿ ಬರೀ ಎರಡೂವರೆ ಪರ್ಸೆಂಟಿಗೆ ಬಿದ್ದಿದೆ, ನೀವು ತಗೊಂಡ್ರೆ ಅದಕ್ಕಿಂತ ಒಳ್ಳೆ ಬಡ್ಡಿ ಕೊಡಬಹುದು ಅಂತ ಲೆಕ್ಕದ ಕಾಗದ ಹುಡುಕ್ತಾ ಗಡಿಬಿಡಿಯಲ್ಲಿ ಹೇಳ್ತಾಳೆ. ಇಂಗ್ಲೆಂಡಲ್ಲಿ ಮದುವೆಯಾದ ಹೆಂಗಸಿನ ಆಸ್ತಿ ಅವಳದ್ದೇ ಅಂತ ಪೂರ್ತಿ ಕಾನೂನು ಬಂದಿದ್ದು 1882ರಲ್ಲಿ, ಅಂದ್ರೆ ಅವಳು ಆ ಕಾಗದ ಹಿಡ್ಕೊಂಡು ಸಾಲ ಕೊಡೋಳಾಗಿ ಅವನ ಮುಂದೆ ನಿಂತಿರೋದು ಮದುವೆಗೆ ಮುಂಚಿನ ಆ ಕೆಲವೇ ನಿಮಿಷ. ಸೀರೀಸಲ್ಲಿ ಆ ಸ್ಟೇಷನ್ ಸೀನ್ ಬಂದಾಗ ಅವಳ ಮುಖ ಬಿಟ್ಟು ಕೈ ನೋಡಿ.