ಮನಸ್ಸಿಗೆ ಬೇಜಾರಾದರೆ ಶುಗರ್ ಏರುತ್ತಾ ಡಾಕ್ಟ್ರೇ?

ಪ್ರಶ್ನೆ: ನನಗೆ 47 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ, ಅವರ ಎಲ್ಲಾ ಕೆಲಸ ನನ್ನದೇ. ಮೂರು ತಿಂಗಳ ಸರಾಸರಿ ಶುಗರ್ 7 ಇದ್ದದ್ದು ಈಗ 9 ದಾಟಿದೆ. ಊಟ ಬದಲಾಗಿಲ್ಲ. ಮೈಕೈ ನೋವು, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಯಾರ ಜೊತೆಗೂ ಮಾತು ಬೇಡ ಅನಿಸುತ್ತದೆ. ಕಾಲಿನ ಸಣ್ಣ ಗಾಯ ಮಾಯೋಕೆ ತಿಂಗಳು ಹಿಡಿಯಿತು. ಡಾಕ್ಟರು ‘ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ’ ಅಂದರು. ಮನೆಯವರು ‘ಎಲ್ಲಾ ನಿನ್ನ ಮನಸ್ಸಿನದ್ದು’ ಅಂತಾರೆ. ಹಾಗಾದ್ರೆ ನನ್ನ ನೋವು ಸುಳ್ಳಾ?
– ಓದುಗರು, ತಿಪಟೂರು

ಉತ್ತರ: ಸುಳ್ಳಲ್ಲ. ಶುಗರ್ ಏರುವುದೂ ನಿಜ, ಅದಕ್ಕೆ ಮನಸ್ಸು ಕಾರಣ ಆಗಬಹುದು ಅನ್ನೋದೂ ನಿಜ. ‘ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ’ ಅನ್ನೋ ಮಾತು ನಮ್ಮ ಡಾಕ್ಟರುಗಳ ಬಾಯಲ್ಲಿ ಸಲೀಸಾಗಿ ಬರುತ್ತದೆ, ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅತ್ತೆಯನ್ನು ಎತ್ತಿ ಕೂರಿಸೋರು ನೀವೇ ಆಗಿರುವಾಗ ಟೆನ್ಶನ್ ಎಲ್ಲಿಗೆ ಹೋಗಬೇಕು ಅಲ್ವಾ?

ಒಳಗೆ ನಡೆಯೋದು ಇಷ್ಟು. ಚಿಂತೆ ಹೆಚ್ಚಾದಾಗ ಮಿದುಳಿನ ತಳಭಾಗದ ಹೈಪೋಥಲಮಸ್ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಅದು ಕಿಡ್ನಿಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ರಕ್ತಕ್ಕೆ ಬರುತ್ತದೆ. ಅದರ ಕೆಲಸವೇ ಲಿವರ್‌ನಿಂದ ಸಕ್ಕರೆ ಹೊರಗೆ ತರಿಸೋದು, ಜೊತೆಗೆ ಇನ್ಸುಲಿನ್ ಮಾತನ್ನು ಸ್ನಾಯುಗಳು ಕೇಳದ ಹಾಗೆ ಮಾಡೋದು. ಅಪಾಯ ಬಂದಾಗ ಓಡೋಕೆ ಬಲ ಬೇಕಲ್ಲ, ಅದಕ್ಕೆ ಈ ಏರ್ಪಾಡು. ಹಾವು ಕಂಡಾಗ ಇದು ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಹೀಗೇ ನಡೆದರೆ ನೀವು ಸಿಹಿ ಮುಟ್ಟದೇ ಇದ್ದರೂ ಸಕ್ಕರೆ ಏರುತ್ತದೆ.

ನಂಬಿಕೆ ಬರದಿದ್ದರೆ ಕೋವಿಡ್ ಕಾಲ ನೆನಪು ಮಾಡಿಕೊಳ್ಳಿ. 2021ರಲ್ಲಿ ಸ್ಟಿರಾಯ್ಡ್ ತೆಗೆದುಕೊಂಡ ಎಷ್ಟೋ ಜನರ ಶುಗರ್ ದಿಢೀರನೆ ಏರಿತ್ತು. ಆ ಔಷಧಿಗಳು ಕಾರ್ಟಿಸಾಲ್‌ನ ಹತ್ತಿರದ ನೆಂಟರು. ಅವೇ ಔಷಧಿಗಳು ಕೆಲವರ ನಿದ್ದೆ ಕೆಡಿಸುತ್ತವೆ, ಕೆಲವರಿಗೆ ವಿಪರೀತ ಸಿಟ್ಟು, ಕೆಲವರಿಗೆ ಅಳು ತರಿಸುತ್ತವೆ. ಒಂದೇ ರಾಸಾಯನಿಕ ಸಕ್ಕರೆಯನ್ನೂ ಮನಸ್ಸನ್ನೂ ಎರಡನ್ನೂ ಅಲ್ಲಾಡಿಸುತ್ತದೆ ಅಂದ ಮೇಲೆ ಇದು ದೇಹದ್ದು, ಇದು ಮನಸ್ಸಿನದ್ದು ಅಂತ ಗೆರೆ ಎಳೆಯೋದು ಎಲ್ಲಿ?

ಗಾಯದ ವಿಷಯಕ್ಕೆ ಬರುತ್ತೇನೆ. 1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಒಂದು ಅಧ್ಯಯನ ಮಾಡಿದರು. ಮರೆವಿನ ಕಾಯಿಲೆಯ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ, ಆ ಜವಾಬ್ದಾರಿ ಇಲ್ಲದ ಇನ್ನೂ 13 ಮಂದಿ. ಎಲ್ಲರ ತೋಳಿನ ಮೇಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ಕಾದರು. ಆರೈಕೆ ಮಾಡುತ್ತಿದ್ದವರ ಗಾಯ ಮಾಯೋಕೆ ಸರಾಸರಿ ಒಂಬತ್ತು ದಿನ ಜಾಸ್ತಿ ಹಿಡಿಯಿತು. ಸಣ್ಣ ಅಧ್ಯಯನವೇ, ಆದರೂ ನಿಮ್ಮ ಪತ್ರ ಓದುವಾಗ ನನಗೆ ಮೊದಲು ನೆನಪಾಗಿದ್ದು ಅದೇ. ನಿಮ್ಮಲ್ಲಿ ಶುಗರ್ ಬೇರೆ ಸೇರಿಕೊಂಡಿದೆ. ಹಾಗಾಗಿ ದಿನಾ ಮಲಗೋ ಮುಂಚೆ ಪಾದ ನೋಡಿಕೊಳ್ಳಿ, ಸಣ್ಣ ಬಿರುಕಿದ್ದರೂ ಬಿಡಬೇಡಿ.

ಇನ್ನು ಮೈಕೈ ನೋವು. ನೋವಿನ ಸುದ್ದಿ ಬೆನ್ನುಹುರಿ ಹತ್ತಿ ಮಿದುಳಿಗೆ ಹೋಗುವಾಗ, ಮೇಲಿನಿಂದ ಅದನ್ನು ತಗ್ಗಿಸೋ ಒಂದು ಏರ್ಪಾಡೂ ಇದೆ, ರೇಡಿಯೋ ವಾಲ್ಯೂಮ್ ತಿರುಗಿಸಿದ ಹಾಗೆ. ಅದು ನಡೆಯೋದು ಸೆರೊಟೋನಿನ್, ನಾರ್ ಅಡ್ರಿನಲಿನ್ ಮುಂತಾದ ರಾಸಾಯನಿಕಗಳಿಂದ. ಖಿನ್ನತೆಯಲ್ಲಿ ಈ ಏರ್ಪಾಡು ಸಡಿಲ ಆಗಬಹುದು, ಆಗ ಮೊದಲು ಗೊತ್ತೇ ಆಗದ ನೋವೂ ಜೋರಾಗಿ ಕೇಳುತ್ತದೆ. ಡುಲಾಕ್ಸೆಟಿನ್ ಅನ್ನೋ ಒಂದೇ ಮಾತ್ರೆಯನ್ನು ಖಿನ್ನತೆಗೂ ಕೊಡುತ್ತೇವೆ, ಶುಗರ್‌ನಿಂದ ಬರುವ ಪಾದದ ನರದ ಉರಿಗೂ ಕೊಡುತ್ತೇವೆ. (ನಾನು ಹೆಸರು ಹೇಳಿದೆ ಅಂತ ಮೆಡಿಕಲ್ ಶಾಪ್‌ಗೆ ಹೋಗಿ ಕೇಳಬೇಡಿ.)

ಯಾರ ಜೊತೆಗೂ ಮಾತು ಬೇಡ ಅನ್ನೋದಕ್ಕೂ ದೇಹದಲ್ಲಿ ಒಂದು ಬೇರು ಇರಬಹುದು. ಜ್ವರ ಬಂದಾಗ ಮೂಲೆ ಹಿಡಿದು ಮಲಗುತ್ತೇವೆ, ಊಟ ಸೇರುವುದಿಲ್ಲ, ಮಾತು ಬೇಡ. ರೋಗದ ಜೊತೆ ಹೋರಾಡುವ ಕಣಗಳು ಬಿಡುವ ಸೈಟೋಕೈನ್ ಅನ್ನೋ ರಾಸಾಯನಿಕಗಳು ಮಿದುಳಿಗೆ ಕಳಿಸೋ ಸುದ್ದಿ ಅದು. ಹೆಪಟೈಟಿಸ್ ಸಿ ಕಾಯಿಲೆಗೆ ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದರು, ಅದೂ ಒಂದು ಸೈಟೋಕೈನೇ. ಮೊದಲು ಚೆನ್ನಾಗಿದ್ದವರಲ್ಲೂ ಎಷ್ಟೋ ಜನರಿಗೆ ಅದರಿಂದ ಖಿನ್ನತೆ ಬಂತು. ಮೈಯೊಳಗಿನ ಉರಿಯೂತ, ಅಂದರೆ ಈ ಹೋರಾಡುವ ಕಣಗಳು ಕೆರಳಿರುವ ಸ್ಥಿತಿ, ಮನಸ್ಸನ್ನು ಕುಗ್ಗಿಸಬಲ್ಲದು ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಶುಗರ್, ಹೊಟ್ಟೆಯ ಸುತ್ತ ಕೊಬ್ಬು ಇರುವವರಲ್ಲಿ ಸಣ್ಣ ಮಟ್ಟದ ಉರಿಯೂತ ಸದಾ ಇರುವುದು ಸಾಮಾನ್ಯ. ಅಂದರೆ ಬೇಜಾರು ಶುಗರ್ ಏರಿಸುತ್ತದೆ, ಶುಗರ್ ತಿರುಗಿ ಬೇಜಾರು ಹೆಚ್ಚಿಸುತ್ತದೆ. ಶುಗರ್ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಂತ ಲೆಕ್ಕ.

ಹಾಗಾಗಿ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಶುಗರ್ ಮಾತ್ರೆ ಮಾತ್ರ ಏರಿಸಿಕೊಂಡು ಹೋದರೆ ಅರ್ಧ ಕೆಲಸ. ಮನೋವೈದ್ಯರನ್ನು ನೋಡಿ, ಹೋಗುವಾಗ ಶುಗರ್ ಚೀಟಿಗಳನ್ನು ತಗೊಂಡು ಹೋಗಿ, ಏಕೆಂದರೆ ಮನಸ್ಸಿನ ಕೆಲವು ಮಾತ್ರೆಗಳು ತೂಕ, ಶುಗರ್ ಏರಿಸುತ್ತವೆ, ಗೊತ್ತಿದ್ದರೆ ಅವರು ಬೇರೆಯದು ಬರೆಯುತ್ತಾರೆ. ಊಟ ಆದ ಮೇಲೆ ಹದಿನೈದು ನಿಮಿಷ ನಡೆಯಿರಿ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆ ಹೀರಿಕೊಳ್ಳುತ್ತವೆ, ಮನಸ್ಸಿಗೂ ಅದು ಔಷಧಿಯೇ. ಆ ಹೊತ್ತಿಗೆ ಅತ್ತೆ ಪಕ್ಕ ಯಾರು ಕೂರಬೇಕು? ನಿಮ್ಮನ್ನು ‘ಎಲ್ಲಾ ನಿನ್ನ ಮನಸ್ಸಿನದ್ದು’ ಅಂದವರೇ ಕೂರಲಿ. ಬದುಕೇ ಬೇಡ ಅನಿಸಿದರೆ ಒಂದು ದಿನವೂ ಕಾಯಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಅಮ್ಮನಿಗೆ 66. ಶುದ್ಧ ಸಸ್ಯಾಹಾರಿ. ಎಂಟು ವರ್ಷದಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೋತಾರೆ. ಈಚೆಗೆ ಮಂಕಾಗಿದ್ದಾರೆ, ಮರೆವು, ಪಾದ ಜೋಮು. ಇದು ಖಿನ್ನತೆಯಾ?
– ಓದುಗರು, ಶಿರಸಿ

ಉತ್ತರ: ಇರಬಹುದು, ಆದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬಿ12 ವಿಟಮಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಈ ಮೂರು ಸಾಕು ಶುರುವಿಗೆ. ಬಿ12 ಮಾಂಸ, ಮೊಟ್ಟೆ, ಹಾಲಿನಲ್ಲಿ ಇರುತ್ತದೆ, ಸೊಪ್ಪು ಕಾಳಿನಲ್ಲಿ ಇಲ್ಲ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡರೆ ಅದನ್ನು ಹೀರಿಕೊಳ್ಳೋದೂ ಕಮ್ಮಿ ಆಗುತ್ತದೆ. ನರಗಳ ಮೇಲಿನ ಹೊದಿಕೆ ಗಟ್ಟಿಯಾಗಿರಲು ಬಿ12 ಬೇಕೇ ಬೇಕು, ಅದಕ್ಕೇ ಜೋಮು, ಮರೆವು, ಮಂಕು ಮೂರೂ ಒಟ್ಟಿಗೆ ಬರೋದು. ಥೈರಾಯ್ಡ್ ಕಮ್ಮಿ ಆದರೂ ನೋಡೋಕೆ ಥೇಟ್ ಖಿನ್ನತೆಯೇ. ಬಿ12 ಆಗಲಿ ಥೈರಾಯ್ಡ್ ಆಗಲಿ ಕಮ್ಮಿ ಇದ್ದರೆ ಡಾಕ್ಟರು ಬರೆದ ಮಾತ್ರೆ ಕೊಟ್ಟು ನೋಡಿ, ಸರಿಹೋಗದಿದ್ದರೆ ಮನೋವೈದ್ಯರು. ಆದರೆ ನರಕ್ಕೆ ಆದ ಪೆಟ್ಟು ತಡವಾದಷ್ಟೂ ವಾಪಸ್ ಬರೋದು ಕಷ್ಟ, ಪರೀಕ್ಷೆ ಮುಂದೂಡಬೇಡಿ. ಮೆಟ್‌ಫಾರ್ಮಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: 29 ವರ್ಷ, ಐಟಿ ಕೆಲಸ. ಮೀಟಿಂಗ್ ಮುಂಚೆ ಎದೆ ಡವಡವ, ಬೆರಳು ಜುಮ್ಮೆನ್ನುತ್ತದೆ, ಸತ್ತೇ ಹೋಗ್ತೀನಿ ಅನಿಸುತ್ತದೆ. ಇಸಿಜಿ, ಎಕೋ ಎರಡೂ ನಾರ್ಮಲ್. ಇನ್ನೊಂದು ಸಲ ಮಾಡಿಸಲಾ?
– ಓದುಗರು, ಬೆಂಗಳೂರು

ಉತ್ತರ: ಮೊದಲ ಸಲ ಮಾಡಿಸಿದ್ದು ಸರಿ. ಅದೇ ಲಕ್ಷಣಕ್ಕೆ ಮತ್ತೆ ಮತ್ತೆ ಬೇಡ, ರಿಪೋರ್ಟ್ ನೋಡಿದ ಸಮಾಧಾನ ಒಂದು ವಾರ ಇರುತ್ತದೆ ಅಷ್ಟೆ. ಗಾಬರಿಯಲ್ಲಿ ಅಡ್ರಿನಲಿನ್ ಏರಿ ಎದೆ ಬಡಿತ ಜೋರಾಗುತ್ತದೆ, ಉಸಿರಾಟವೂ ಗೊತ್ತಿಲ್ಲದೆ ಜೋರಾಗುತ್ತದೆ. ಹಾಗಾದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನೋದು, ತಲೆ ಹಗುರ ಆಗೋದು ಅದರಿಂದಲೇ. ಉಸಿರು ಬಿಡೋದನ್ನು ನಿಧಾನ ಮಾಡಿ, ಎಳೆದುಕೊಳ್ಳೋದಕ್ಕಿಂತ ಉದ್ದಕ್ಕೆ. ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಮೀಟಿಂಗ್ ಮುಂಚಿನ ಕಾಫಿ ಬಿಡಿ. ಒಂದು ಸಲ ಥೈರಾಯ್ಡ್ ನೋಡಿಸಿ, ಅದು ಜಾಸ್ತಿಯಾದರೂ ಹೀಗೇ ಆಗುತ್ತದೆ. ಮೇಲಿಂದ ಮೇಲೆ ಬರುತ್ತಿದ್ದರೆ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆ ಇದೆ, ಗಾಬರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಂಡಿದ ಹಾಗಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಎಚ್ಚರ ತಪ್ಪಿದರೆ ಮಾತ್ರ ಇದು ಗಾಬರಿ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.