ಸಹಿ ಹಾಕಿರೋ ಲಿಮಿಟೆಡ್ ಎಡಿಷನ್ ಪುಸ್ತಕ ಕೂಡಿಸೋಕೆ ಶುರು ಮಾಡ್ಬೇಕು ಅಂತಿದೀನಿ, ಏನ್ ನೋಡಿ ತಗೋಬೇಕು? ಇದು ಚಟ ಆಗುತ್ತಾ?

ಎರಡನೇ ಪ್ರಶ್ನೆಗೆ ಮೊದ್ಲು ಹೇಳ್ಬಿಡ್ತೀನಿ, ಆಗುತ್ತೆ ರೀ. ದಾವಣಗೆರೇಲಿ ಕೂತ್ಕೊಂಡು ಹದಿನೈದು ವರ್ಷದ ಮೇಲಾಯ್ತು ನಾನು ಇದನ್ನ ಮಾಡ್ಕೊಂಡು ಬಂದಿದ್ದು.

ಸಹಿ ಅಂದ್ರೆ ಎಲ್ಲಾ ಒಂದೇ ಅಲ್ಲ. ಲೇಖಕರು ಪುಸ್ತಕದಲ್ಲೇ ಹಾಕಿದ್ದು ಒಂದು ಥರ. ಬಿಡಿ ಹಾಳೆಗಳ ಕಟ್ಟು ಅವರ ಮನೆಗೆ ಕಳಿಸಿ ಸಹಿ ಹಾಕಿಸ್ಕೊಂಡು ಆಮೇಲೆ ಬೈಂಡಿಂಗಲ್ಲಿ ಸೇರಿಸೋದು ಇನ್ನೊಂದು, ಹೊರದೇಶದ ಎಡಿಷನ್ನುಗಳಲ್ಲಿ ಇದೇ ಜಾಸ್ತಿ, ಆ ಹಾಳೆ ಮಿಕ್ಕಿದ್ದಕ್ಕಿಂತ ಒಂಚೂರು ದಪ್ಪ ಇರುತ್ತೆ, ಹೊಲಿಗೆ ಹತ್ರ ಬೆರಳಾಡಿಸಿದ್ರೆ ಗೊತ್ತಾಗುತ್ತೆ. ಸಹಿ ಮಾಡಿದ ಚೀಟಿ ಅಂಟಿಸಿದ್ದೂ ಇರುತ್ತೆ. ಇವೆಲ್ಲಾ ಮೋಸ ಅಲ್ಲ, ಆದ್ರೆ ಯಾವ್ದು ಅಂತ ತಿಳ್ಕೊಂಡು ದುಡ್ಡು ಕೊಡ್ಬೇಕು. 2022ರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಬರೆದ ಪುಸ್ತಕದ 900 ಪ್ರತಿ, ಒಂದಕ್ಕೆ 599 ಡಾಲರು, ಕೈಯಾರೆ ಸಹಿ ಮಾಡಿದ್ದು ಅಂತ ಮಾರಿದ್ರು, ಕೊಂಡವ್ರು ತಮ್ತಮ್ಮ ಪ್ರತಿಯ ಸಹಿ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಂತ್ರದಲ್ಲಿ ಬರೆಸಿದ ಸಹಿ, ಕೊನೆಗೆ ಪ್ರಕಾಶಕರು ದುಡ್ಡು ವಾಪಸ್ ಕೊಟ್ರು, ಡಿಲನ್ನೂ ಕ್ಷಮೆ ಕೇಳಿದ್ರು. ಅದಕ್ಕೇ ಹೇಳೋದು, ತಗೊಳ್ಳೋಕೆ ಮುಂಚೆ ಅದೇ ಎಡಿಷನ್ನಿನ ಇನ್ನೆರಡು ಪ್ರತಿ ಫೋಟೋ ಹುಡುಕಿ ನೋಡ್ರಿ, ಕೈಯಲ್ಲಿ ಹಾಕಿದ ಸಹಿ ಒಂದರ ಥರ ಇನ್ನೊಂದು ಇರಲ್ಲ.

ನನ್ನ ಹತ್ರ ಇರೋದ್ರಲ್ಲಿ ಅನುಮಾನವೇ ಇಲ್ಲದ್ದು ಅಂದ್ರೆ 2009ರಲ್ಲಿ ಚಿತ್ರದುರ್ಗದಲ್ಲಿ 75ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಅಲ್ಲಿ ಪುಸ್ತಕ ಮಳಿಗೆ ಮುಂದೆ ನಿಂತು ಒಬ್ಬ ಹಿರಿಯ ಲೇಖಕರ ಹತ್ರ ಹಾಕಿಸ್ಕೊಂಡಿದ್ದು. ಇಂಕ್ ಪೆನ್ನು, ಒಣಗೋಕೆ ಬಿಡ್ದೆ ಅವರೇ ಪುಸ್ತಕ ಮುಚ್ಚಿ ಕೈಗೆ ಕೊಟ್ರು. ಎದುರಿನ ಪುಟದಲ್ಲಿ ಸಹಿ ತಿರುಗುಮುರುಗಾಗಿ ಮಸುಕಾಗಿ ಮೂಡೈತೆ. ಯಾರಾದ್ರೂ ಮನೆಗೆ ಬಂದ್ರೆ ನಾನು ಮೊದ್ಲು ತೋರಿಸೋದು ಆ ಎದುರು ಪುಟಾನೇ.

ಇನ್ನು ನಂಬರ್. ಲಿಮಿಟೆಡ್ ಎಡಿಷನ್ ಅಂದ್ರೆ ಇಷ್ಟೇ ಪ್ರತಿ ಅಂತ ಅಚ್ಚು ಹಾಕಿದ್ದು, ಸಾಮಾನ್ಯವಾಗಿ ಒಂದೊಂದಕ್ಕೂ ನಂಬರ್ ಹಾಕಿರ್ತಾರೆ. 37/500 ಅಂದ್ರೆ ಐನೂರರಲ್ಲಿ ಮೂವತ್ತೇಳನೇದು, ಕೆಲವಕ್ಕೆ ನಂಬರ್ ಬದ್ಲು ಎ ಇಂದ ಝಡ್ ತನಕ ಅಕ್ಷರ, ಅಂದ್ರೆ 26 ಪ್ರತಿ ಅಷ್ಟೇ, ರೇಟು ವಿಪರೀತ. ಒಂದನೇ ನಂಬರೇ ಬೇಕು ಅಂತ ಹಠ ಬೇಡ, ಒಳಗಿರೋದು ಅದೇ ಪುಸ್ತಕ. ನಮ್ಮ ಕನ್ನಡದಲ್ಲಂತೂ ಮುದ್ರಣ ವಿವರದ ಪುಟ ತೆಗೆದು ನೋಡ್ರಿ, ಎಷ್ಟನೇ ಮುದ್ರಣ, ಎಷ್ಟು ಪ್ರತಿ ಅಂತ ಬಹಳಷ್ಟು ಪುಸ್ತಕದಲ್ಲಿ ಹಾಕಿರ್ತಾರೆ, "ಪ್ರತಿಗಳು: 1000", ಒಂದೊಂದ್ಸಲ 500. ಆರು ಕೋಟಿ ಜನರ ನಾಡಲ್ಲಿ ಐನೂರು ಪ್ರತಿ, ಇದಕ್ಕಿಂತ ಲಿಮಿಟೆಡ್ ಇನ್ನೇನ್ ಬೇಕು ಹೇಳ್ರಿ! ಬಿಡುಗಡೆ ಸಮಾರಂಭಕ್ಕೆ ಹೋಗಿ ಮೊದಲ ಮುದ್ರಣ ತಗೊಂಡು ಅಲ್ಲೇ ಸಹಿ ಹಾಕಿಸ್ಕೊಳ್ರಿ, ಇನ್ನೂರು ಮುನ್ನೂರಲ್ಲಿ ಮುಗಿಯುತ್ತೆ, ನಾನು ಇದನ್ನೇ ಮೊದ್ಲು ಮಾಡ್ಬೇಕಿತ್ತು.

ಚಟ ಹೆಂಗೆ ಹಿಡಿಯುತ್ತೆ ಅಂದ್ರೆ, ಹೊರದೇಶದ ಒಂದು ನಾಲ್ಕು ಸಂಪುಟದ ಸರಣಿ ತರಿಸ್ತಿದ್ದೆ, ಮೊದಲ ಸಂಪುಟ ಕೊಂಡವರಿಗೆ ಮುಂದಿನದ್ರಲ್ಲೂ ಅದೇ ನಂಬರ್ ಎತ್ತಿಡ್ತಾರೆ, ನಂದು 112. ಮೂರು ಬಂದ್ವು. ನಾಲ್ಕನೇದು ಹೊರಬರೋ ಹೊತ್ತಿಗೆ ನಮ್ಮಪ್ಪ ಆಸ್ಪತ್ರೇಲಿದ್ರು, ಮೇಲ್ ನೋಡ್ಲಿಲ್ಲ, 112 ನನಗೇ ಅಂತ ಎತ್ತಿಟ್ಟಿದ್ದ ಗಡುವು ಮುಗೀತು. ಎರಡು ವರ್ಷ ಹುಡುಕಿ ಕೊನೆಗೆ 340 ನಂಬರಿಂದು ತರಿಸ್ದೆ, ಸಾಗಾಟದ ಖರ್ಚು, ಅದ್ರ ಮೇಲೆ ಸುಂಕ ಬೇರೆ. ಮೊದಲ ಮೂರನ್ನ ಇವತ್ತಿಗೂ ಪ್ಲಾಸ್ಟಿಕ್ ಬಿಚ್ಚಿ ಓದಿಲ್ಲ, ಓದೋಕೆ ಅಂತ ಸಾದಾ ಪ್ರತಿ ಬೇರೆ ತಗೊಂಡಿದೀನಿ. 340ಕ್ಕೆ ಮಾತ್ರ ಹಂಗೆ ಮಾಡೋಕೆ ಮನಸ್ಸಾಗ್ಲಿಲ್ಲ, ಬಂದ ದಿನಾನೇ ಬಿಚ್ಚಿ ಓದ್ದೆ, ಅಪ್ಪನ ಮಂಚದ ಪಕ್ಕ ಕೂತು ನಾಲ್ಕು ರಾತ್ರೀಲಿ. ಈಗ ಯಾರಾದ್ರೂ 112 ತಂದು ಕೊಟ್ರೆ ತಗೊಂಡೇ ತಗೊಳ್ತೀನಿ, ಆದ್ರೆ 340ನ್ನ ಕೊಡಲ್ಲ.