ಗುಲಗಂಜಿ ಹುಳ ತೋರಿಸುವ ಮುಂಚೆ ಅದರ ಮರಿ ತೋರಿಸಿ

ನಿಮ್ಮ 4 ವರ್ಷದ ಮಗನಿಗೆ ಹುಳ ಕಂಡರೆ ಭಯ. ಅದಕ್ಕೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇರುವ ಚೆಂದದ ಗುಲಗಂಜಿ ಹುಳದಿಂದ (ಲೇಡಿಬರ್ಡ್) ಶುರು ಮಾಡಬೇಕು ಅಂತಿದ್ದೀರಿ. ಡಬ್ಬಿಯಲ್ಲಿ ಹಿಡಿದು ತರೋದಾ, ಚಿತ್ರದ ಪುಸ್ತಕ ತೋರಿಸೋದಾ ಅಂತ ಕೇಳಿದ್ದೀರಿ. ನಾನೂ ಚೆಂದದಿಂದಲೇ ಶುರು ಮಾಡಿದ್ದೆ.

ಮಗಳಿಗೆ ಆಗ 5 ವರ್ಷ. ಮೈಸೂರಿನ ನಮ್ಮ ಬಾಡಿಗೆ ಮನೆ ಹಿತ್ತಲಲ್ಲಿ ಚಪ್ಪರದವರೆ ಬಳ್ಳಿ ಇತ್ತು. ಡಿಸೆಂಬರ್ ತಿಂಗಳು. ಕುಡಿಗೆ, ಹೂವಿನ ತೊಟ್ಟಿಗೆಲ್ಲ ಕಪ್ಪು ಹೇನು, ಅಂದರೆ ಗಿಡದ ರಸ ಹೀರುವ ಸಣ್ಣ ಕೀಟ, ಮೆತ್ತಿಕೊಂಡಿತ್ತು. ಅಲ್ಲೇ ಓಡಾಡುತ್ತಿದ್ದ ಒಂದು ಗುಲಗಂಜಿ ಹುಳವನ್ನು ಅವಳ ಬೆರಳಿಗೆ ಹತ್ತಿಸಿದೆ. ಉಗುರಿನ ತುದಿಗೆ ಹೋಯಿತು, ಕೆಂಪು ಬೆನ್ನು ಎರಡು ಹೋಳಾಯಿತು, ಒಳಗಿಂದ ತೆಳು ರೆಕ್ಕೆ ಬಿಚ್ಚಿ ಹಾರಿಹೋಯಿತು. "ಅಮ್ಮಾ, ಇದರ ಪಾಪು ಎಲ್ಲಿ?" ಅಂದಳು. ನಾನು ಯೋಚನೆಯೇ ಮಾಡದೆ, ಸ್ವಲ್ಪ ಸಣ್ಣಗಿದ್ದ ಇನ್ನೊಂದು ಹುಳ ತೋರಿಸಿ "ಇದೇ ನೋಡು" ಅಂದುಬಿಟ್ಟೆ.

ಅದೇ ತಪ್ಪು. ರೆಕ್ಕೆ ಬಂದ ಮೇಲೆ ಈ ಹುಳ ಬೆಳೆಯುವುದೇ ಇಲ್ಲ. ಸಣ್ಣಗಿದ್ದರೆ ಬೇರೆ ಜಾತಿಯದ್ದಿರಬಹುದು, ಇಲ್ಲಾ ಮರಿಯಾಗಿದ್ದಾಗ ಹೊಟ್ಟೆ ತುಂಬಿಲ್ಲದಿರಬಹುದು. ಮರಿಯ ರೂಪವೇ ಬೇರೆ. ಕಪ್ಪಗೆ, ಉದ್ದಕ್ಕೆ, ಮೈಯೆಲ್ಲ ಸಣ್ಣ ಮುಳ್ಳು, ಅಲ್ಲಲ್ಲಿ ಕಿತ್ತಳೆ ಚುಕ್ಕೆ, 6 ಕಾಲು. ಅಕ್ಕಿಕಾಳಿನಷ್ಟು ಉದ್ದದ ಮೊಸಳೆ ಅನ್ನಿ. ಅಂಥವು ಆ ಬಳ್ಳಿಯಲ್ಲಿ ಹತ್ತಿಪ್ಪತ್ತು ಇದ್ದವು. ನನ್ನ ಕಣ್ಣಿಗೆ ಬಿದ್ದಿದ್ದವು ಕೂಡ. ಬಳ್ಳಿ ತಿನ್ನೋ ಹುಳ ಅಂದುಕೊಂಡೆ. "ಇವು ಕೆಟ್ಟವು, ಒಳ್ಳೆ ಹುಳ ಉಳಿಸೋಣ" ಅಂತ ಮಗಳ ಕೈಗೇ ಕಡ್ಡಿ ಕೊಟ್ಟೆ. ಇಬ್ಬರೂ ಸೇರಿ ಒಂದೊಂದನ್ನೇ ಸೋಪಿನ ನೀರಿಗೆ ಬೀಳಿಸಿದೆವು. ಎಲೆ ಅಡಿಯಲ್ಲಿ ಹಳದಿ ಮೊಟ್ಟೆಗಳು ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದವು. ಆ ಎಲೆಗಳನ್ನೂ ಕಿತ್ತುಹಾಕಿದೆ.

ವಾರ ಕಳೆದು ಸೋದರಮಾವ ಬಂದರು. ಊರಲ್ಲಿ ಅವರೆ, ಅಲಸಂದೆ ಬೆಳೆಯುವವರು. ಅಷ್ಟೊತ್ತಿಗೆ ಹೇನು ಇನ್ನೂ ಜಾಸ್ತಿಯಾಗಿ ಬಳ್ಳಿ ಸೊರಗಿತ್ತು. ಹೇಗೋ ಉಳಿದಿದ್ದ ಒಂದು ಕಪ್ಪು ಮರಿ ತೋರಿಸಿ "ಇಂಥವನ್ನೆಲ್ಲ ಏನ್ ಮಾಡ್ದೆ?" ಅಂದರು. ಹೇಳಿದೆ. "ಅಯ್ಯೋ, ಎಂಥ ಕೆಲಸ ಮಾಡ್ಬುಟ್ಟೆ! ಹೇನು ತಿನ್ನೋದೇ ಆ ಮರಿಗಳು ಕಣವ್ವ. ದ್ರಾಕ್ಷಿ ತೋಟದವರು ಹಿಟ್ಟು ತಿಗಣೆ ಅನ್ನೋ ಬಿಳಿ ಕೀಟಾನ ತಿನ್ನಲಿ ಅಂತ ಈ ಬಳಗದ ಹುಳಾನೇ ದುಡ್ಡು ಕೊಟ್ಟು ತಂದು ಬಿಡ್ತಾರೆ." ಮಗಳು ಪಕ್ಕದಲ್ಲೇ ಇದ್ದಳು. "ಪಾಪುಗಳನ್ನ ನಾನು ಸಾಯಿಸಿದ್ನಾ?" ಅಂದಳು. ನನಗೆ ಗಂಟಲು ಕಟ್ಟಿತು. "ನೀನಲ್ಲ ಕಂದ, ನಾನೇ ತಪ್ಪು ಹೇಳಿಕೊಟ್ಟೆ" ಅಂದೆ.

ಅದಕ್ಕೇ ನಿಮಗೆ ಡಬ್ಬಿಯೂ ಬೇಡ, ಪುಸ್ತಕವೂ ಬೇಡ ಅಂತೀನಿ. ಚೆಂದದ್ದನ್ನೇ ಮೊದಲು ತೋರಿಸಿದರೆ, ಚೆಂದ ಇಲ್ಲದ್ದು ಕೆಟ್ಟದ್ದು ಅಂತ ಮಕ್ಕಳು ತಾವೇ ತೀರ್ಮಾನ ಮಾಡಿಕೊಳ್ಳುತ್ತವೆ. ಡಬ್ಬಿಯಲ್ಲಿ ಹೇನು ಸಿಗದೆ ಹುಳ ಹಸಿದು ಸಾಯುತ್ತೆ. ಅಲಸಂದೆಯೋ ದಾಸವಾಳದ ಕುಡಿಯೋ, ಹೇನು ಹತ್ತಿದ ಗಿಡ ಹುಡುಕಿ, ಅಲ್ಲೇ ಮೊದಲು ಮರಿ ತೋರಿಸಿ. ಔಷಧಿ ಹೊಡೀಬೇಡಿ. ಮುಟ್ಟು ಅಂತ ಮಗನಿಗೆ ಒತ್ತಾಯ ಬೇಡ, ದಿನಾ 5 ನಿಮಿಷ ಸುಮ್ನೆ ನೋಡಲಿ. ಯಾವತ್ತಾದರೂ ಕೈಗೆ ಹತ್ತಿಸಿಕೊಂಡಾಗ ಹಳದಿ ರಸ ಬಿಟ್ಟರೆ ಗಾಬರಿಯಾಗಬೇಡಿ. ತನ್ನನ್ನು ಯಾರೂ ತಿನ್ನದಿರಲಿ ಅಂತ ಕಾಲಿನ ಕೀಲಿನಿಂದ ಬಿಡುವ ಕಹಿ ರಸ ಅದು, ಕೈ ತೊಳೆದರೆ ಆಯಿತು. ಚುಕ್ಕೆ ಎಣಿಸಿ ವಯಸ್ಸು ಹೇಳಿಕೊಡಬೇಡಿ, ಅದು ಸುಳ್ಳು. ಬದನೆ ಎಲೆಯನ್ನು ಕೆರೆದು ಜಾಲರಿ ಮಾಡುವ 28 ಚುಕ್ಕೆಯ ಮಾಸಲು ಹುಳವೂ ಇದೇ ಬಳಗದ್ದು. ಸಿಕ್ಕರೆ ಅದನ್ನೂ ತೋರಿಸಿ.

ಉಳಿದ ಆ ಒಂದು ಮರಿಯನ್ನು ಹಾಗೇ ಬಿಟ್ಟೆವು. ಎರಡು ದಿನಕ್ಕೆ ಎಲೆಗೆ ಬಾಲ ಅಂಟಿಸಿಕೊಂಡು ಕೋಶವಾಯಿತು. ಮಗಳು ಎದ್ದ ತಕ್ಷಣ ಅದನ್ನು ನೋಡಿಯೇ ಹಲ್ಲುಜ್ಜುತ್ತಿದ್ದಳು. 5ನೇ ದಿನ ಬೆಳಿಗ್ಗೆ ಸಿಪ್ಪೆಯ ಪಕ್ಕ ತಿಳಿ ಹಳದಿ ಹುಳ ಒಂದು ಕೂತಿತ್ತು, ಇನ್ನೂ ಮೆತ್ತಗೆ, ಒಂದೂ ಚುಕ್ಕೆ ಇಲ್ಲ. "ಅಮ್ಮಾ, ಇದಕ್ಕೆ ಬಣ್ಣ ಬಂದಿಲ್ಲ" ಅಂತ ಪಿಸುಗುಟ್ಟಿದಳು. ಮಧ್ಯಾಹ್ನ ಸ್ಕೂಲಿಂದ ಬಂದವಳು ಬ್ಯಾಗೂ ಇಳಿಸದೆ ಹಿತ್ತಲಿಗೆ ಓಡಿದಳು. ಚುಕ್ಕೆ ಮೂಡಿದ್ದವು.